ಧೂಪದ ಮರದ ಸ್ಟಾಪು

ಮಗುವಿಗೆ ಮೊಬೈಲ್ ತೋರಿಸಿ ಊಟ ಮಾಡಿಸುವುದಿಲ್ಲ ಎಂದು ಬಿಂದು ಬಸುರಿಯಾಗಿದ್ದಾಗಲೇ ಹಟ ಹಿಡಿದಿದ್ದಳು. ಮೈಸೂರಿನಲ್ಲಿ ಓದಿದವಳು, ಮಕ್ಕಳ ಕಣ್ಣು, ನಿದ್ದೆ, ಮಾತು ಎಲ್ಲದರ ಬಗ್ಗೆಯೂ ಓದಿ ಓದಿ ಹೆದರಿಕೊಂಡವಳು. ಪುಟ್ಟ ಧಾನ್ಯಾಳ ಎದುರು ಫೋನನ್ನು ಕವುಚಿಯೇ ಇಡುತ್ತಿದ್ದಳು. ಅಂಥವಳು ಈಗ ತೀರ್ಥಹಳ್ಳಿಯ ಬಾಡಿಗೆ ಮನೆಯ ಒಳಕೋಣೆಯಲ್ಲಿ, ಮಂಚದ ಕಾಲ್ದೆಸೆಗೆ ಸ್ಟೂಲಿಟ್ಟು, ಅದರ ಮೇಲೆ ಚೊಂಬಿಗೆ ಫೋನು ಒರಗಿಸಿ, ಮಾವನಿಗೆ ಗಂಜಿ ಕುಡಿಸುತ್ತಿದ್ದಳು.

ಮಾವ ಗೋಪಾಲಪ್ಪ ಸಾಗರದಿಂದ ಹೊಸನಗರ, ರಿಪ್ಪನ್‌ಪೇಟೆ, ಹುಂಚದ ಮೇಲೆ ತೀರ್ಥಹಳ್ಳಿಗೆ ಬರುವ ಖಾಸಗಿ ಬಸ್ಸಿನ ಡ್ರೈವರಾಗಿದ್ದವರು. ಮೀಸೆ ಮೂಡುವ ಮುಂಚೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕ್ಲೀನರಾಗಿ ಹತ್ತಿದವರು, ತಲೆ ನರೆತ ಮೇಲೆಯೇ ಇಳಿದದ್ದು. ಜನರ ಜೊತೆಗೆ ಔಷಧಿಯ ಪೊಟ್ಟಣ, ಮದುವೆಮನೆಯ ಹೂವಿನ ಬುಟ್ಟಿ, ರಿಪೇರಿಗೆ ಹೊರಟ ಮಿಕ್ಸಿ, ಯಾವುದೋ ಹುಡುಗಿ ಮನೆಯಲ್ಲೇ ಮರೆತ ಹಾಲ್ ಟಿಕೆಟ್ಟು, ಎಲ್ಲವೂ ಅವರ ಬಸ್ಸಿನ ಬಾನೆಟ್ಟಿನ ಮೇಲೆ ಊರೂರು ಸೇರುತ್ತಿದ್ದವು. ವರದಹಳ್ಳಿಗೆ ಹೋಗುವ ಅಜ್ಜಿಯರನ್ನು ಸಾಗರದಲ್ಲಿ ಇಳಿಸಿ, ಮುಂದಿನ ಬಸ್ಸಿನವರನ್ನು ಕೂಗಿ ಒಪ್ಪಿಸಿದ ಮೇಲೆಯೇ ಅವರಿಗೆ ಟೀ.

ಹೆಂಡತಿ ಹಾಲಮ್ಮ ತೀರಿಕೊಂಡ ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮಗ ರವೀಶ್ ಹುಂಚದ ಹತ್ತಿರದ ಮನೆಗೆ ಬೀಗ ಹಾಕಿ ಅಪ್ಪನನ್ನು ಕರೆತಂದ. ಅವನು ಸೊಸೈಟಿ ಬ್ಯಾಂಕಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಬಿಂದು, ಧಾನ್ಯಾ ಮತ್ತು ಬಾಯಿ ಬಿಡದ ಗೋಪಾಲಪ್ಪ.

“ಬಾಯಲ್ಲೇ ಆಹಾರ ಹೋಗ್ಬೇಕಮ್ಮ. ಹೀಗೇ ಬಿಟ್ರೆ ಮೂಗಿಗೆ ನಳಿಗೆ ಹಾಕ್ಬೇಕಾಗುತ್ತೆ,” ಎಂದಿದ್ದರು ಡಾಕ್ಟರು. ಆ ನಳಿಗೆಯ ಬಗ್ಗೆ ಬಿಂದು ಫೋನಿನಲ್ಲಿ ಓದಿದಳು. ಓದಬಾರದಿತ್ತು.

ಭಜನೆ ಹಾಕಿದಳು, ಯಕ್ಷಗಾನ ಹಾಕಿದಳು, ಹಾಸ್ಯ ಹಾಕಿದಳು. ಗೋಪಾಲಪ್ಪ ಗೋಡೆ ನೋಡಿದರು. ಒಂದು ದಿನ ಹುಡುಕುವಾಗ ಯಾರೋ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ದಾರಿಯನ್ನೇ ಚಿತ್ರೀಕರಿಸಿದ ವಿಡಿಯೋ ಸಿಕ್ಕಿತು. ಸಾಗರದ ಸರ್ಕಲ್ಲು ಕಂಡದ್ದೇ ತಡ, ಹೊದಿಕೆಯ ಕೆಳಗೆ ಮಾವನ ಎಡಗಾಲು ಮೆಲ್ಲಗೆ ಚಾಚಿತು. ಕ್ಲಚ್ಚು! ಬಿಂದು ಚಮಚ ಹಿಡಿದಳು. ಬಾಯಿ ತೆರೆಯಿತು.

ಅಂದಿನಿಂದ ಅವಳದು ದಿನವೂ ಅದೇ ಕೆಲಸ. ತುಂಡುತುಂಡಾಗಿದ್ದ ವಿಡಿಯೋಗಳನ್ನು ದಾರಿಯ ಪ್ರಕಾರ ಸಾಲಾಗಿ ಜೋಡಿಸುವುದು: ಸಾಗರದಿಂದ ಹೊಸನಗರ, ಅಲ್ಲಿಂದ ರಿಪ್ಪನ್‌ಪೇಟೆ, ಆಮೇಲೆ ಹುಂಚ, ಕೊನೆಗೆ ತೀರ್ಥಹಳ್ಳಿಯ ಸೇತುವೆ. ಒಮ್ಮೆ ಸಾಲು ತಪ್ಪಿ ನಡುವೆ ಆಗುಂಬೆ ಘಾಟಿ ಬಂದಾಗ ಮಾವ ಅವಳನ್ನು ನೋಡಿದ ನೋಟಕ್ಕೆ, ಕೆಲಸ ತಿಳಿಯದ ಕ್ಲೀನರನಂತೆ ನಾಚಿದ್ದಳು.

ಆದರೆ ಹುಂಚ ದಾಟಿದ ಮೇಲೆ ಒಂದು ತಿರುವಿನಲ್ಲಿ ಊಟ ನಿಂತುಹೋಗುತ್ತಿತ್ತು. ಎಡಗಾಲು ಜೋರಾಗಿ ಒತ್ತುತ್ತಿತ್ತು, ಬಲತೊಡೆ ಅದುರುತ್ತಿತ್ತು, ಕಣ್ಣಲ್ಲಿ ನೀರು. ಗಂಟಲಿಗೆ ಸಿಕ್ಕಿತೇನೋ, ಇನ್ನೊಮ್ಮೆ ಲಕ್ವ ಹೊಡೆಯಿತೇನೋ ಎಂದು ಹೆದರಿ ಬಿಂದು ಬಟ್ಟಲು ಕೆಳಗಿಟ್ಟು ಅವರ ಎದೆ ನೀವುತ್ತಿದ್ದಳು.

ಕಾರಣ ತಿಳಿದದ್ದು ಮಂಜುನಾಥ ಬಂದ ದಿನ. ಗೋಪಾಲಪ್ಪನ ಬಸ್ಸಿಗೇ ಕಂಡಕ್ಟರಾಗಿದ್ದವನು.

“ಏನ್ ಡ್ರೈವರ್ ಸಾಹೇಬ್ರೇ, ನೀವ್ ಹಿಂಗೆ ಮಲಗಿದ್ರೆ ಟ್ರಿಪ್ ಯಾರ್ ಹೊಡೀತಾರೆ?” ಎಂದು ಮಂಚದ ತುದಿಗೆ ಕೂತ. ಫೋನು ನೋಡಿ ಅರಳಿದ. “ಎಲಾ, ನಮ್ ಲೈನು! ರೈಟ್, ರೈಟ್!”

ತಿರುವು ಬಂತು. ರಸ್ತೆಯ ಬಲಕ್ಕೆ ದೊಡ್ಡದೊಂದು ಧೂಪದ ಮರ. ವಿಡಿಯೋದ ಬಸ್ಸು ಸರ್ರನೆ ದಾಟಿತು.

“ಅಯ್ಯೋ, ನಿಲ್ಸದೇ ಹೋದ್ನಲ್ಲ ಪುಣ್ಯಾತ್ಮ!” ಎಂದ ಮಂಜುನಾಥ.

“ಅಲ್ಲಿ ಸ್ಟಾಪ್ ಇಲ್ವಲ್ಲ ಅಣ್ಣ?”

“ಬೋರ್ಡ್ ಇಲ್ಲ ತಂಗಿ. ಹಾಲಮ್ಮಕ್ಕ ಇದ್ಲಲ್ಲ! ಮಧ್ಯಾಹ್ನ ಬುತ್ತಿ ಹಿಡ್ಕಂಡು ಆ ಮರದ ಬುಡದಲ್ಲಿ ನಿಂತಿರೋಳು. ಡ್ರೈವರ್ ಕಿಟಕಿಗೆ ಎತ್ತಿ ಕೊಡೋಳು. ಇವ್ರು ಇಸ್ಕಂಡು ‘ನಿಂದಾಯ್ತಾ?’ ಅಂತ ಕೇಳ್ಬೇಕು. ಅವ್ಳು ‘ನಂದಾಯ್ತು, ನೀವ್ ಹೊರಡಿ’ ಅನ್ಬೇಕು. ಅಲ್ಲೀವರೆಗೂ ಗೇರ್ ಬೀಳ್ತಿರ್ಲಿಲ್ಲ. ಪ್ಯಾಸೆಂಜರ್ ಎಲ್ಲ ‘ಏನ್ರೀ, ನಾವೂ ಇಳ್ದು ಉಂಡ್ಕಂಡ್ ಬರನಾ?’ ಅಂತ ಕಿಚಾಯ್ಸೋರು.” ನಕ್ಕವನು ದನಿ ತಗ್ಗಿಸಿದ. “ಅವ್ಳದ್ದು ಯಾವತ್ತೂ ಆಗಿರ್ತಿರ್ಲಿಲ್ಲ ಬಿಡು. ಬುತ್ತಿ ಕಳ್ಸಿದ್ಮೇಲೇ ಉಣ್ಣೋದು. ಇವ್ರಿಗೂ ಗೊತ್ತಿತ್ತು.”

ಬಿಂದು ಮಾವನ ಕಾಲುಗಳನ್ನು ನೋಡಿದಳು. ಕ್ಲಚ್ಚಿನ ಕಾಲು ಬದುಕಿತ್ತು. ಬ್ರೇಕಿನ ಕಾಲು ಸತ್ತಿತ್ತು. ದಿನವೂ ಹಾಲಮ್ಮನ ಮುಂದೆಯೇ ಬಸ್ಸು ನಿಲ್ಲದೆ ಹೋಗುತ್ತಿತ್ತು. ಓಡಿಸುತ್ತಿದ್ದವಳು ತಾನೇ.

ಮರುದಿನ ಮರ ಕಾಣುತ್ತಲೇ ಬೆರಳೊತ್ತಿ ವಿಡಿಯೋ ನಿಲ್ಲಿಸಿದಳು. ಎಡಗಡೆಯಿಂದೆದ್ದು ಮಂಚದ ಬಲಗಡೆಗೆ, ಡ್ರೈವರ್ ಕಿಟಕಿಯ ಕಡೆಗೆ ಬಂದು, ಬಟ್ಟಲನ್ನು ಕೆಳಗಿನಿಂದ ಮೇಲೆ ಎತ್ತಿ ಹಿಡಿದಳು. ಗೋಪಾಲಪ್ಪ ನಿಂತ ಚಿತ್ರವನ್ನೂ ಅವಳನ್ನೂ ನೋಡಿದರು. ಬಟ್ಟಲು ಖಾಲಿಯಾಯಿತು. ಬಿಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಳೆಗಾಲವಿಡೀ ಹಾಗೇ ನಡೆಯಿತು. ಮಾವನ ಕೆನ್ನೆಯಲ್ಲಿ ತುಸು ಮಾಂಸ ಬಂತು. ನಳಿಗೆಯ ಮಾತನ್ನು ಡಾಕ್ಟರು ಎತ್ತಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ, ರಿಪ್ಪನ್‌ಪೇಟೆ ಮುಗಿದದ್ದೇ ಸಾಲು ಹಾರಿ ತೀರ್ಥಹಳ್ಳಿ ಸೇತುವೆ ಬಂದುಬಿಟ್ಟಿತು. ಗೋಪಾಲಪ್ಪ ದಾರಿ ತಪ್ಪಿದವರಂತೆ ಕಣ್ಣು ಪಿಳುಕಿಸಿದರು. ಬಿಂದು ನೋಡಿದರೆ ಹುಂಚದ ವಿಡಿಯೋ ಇದ್ದಲ್ಲಿ ಬೂದುಬಣ್ಣದ ಚೌಕ. ಹಾಕಿದವನು ಅಳಿಸಿಬಿಟ್ಟಿದ್ದ. ಅದನ್ನು ಫೋನಿಗೆ ಇಳಿಸಿಟ್ಟುಕೊಳ್ಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಧಾನ್ಯಾಳ ಜ್ವರಕ್ಕೆ, ಕೆಮ್ಮಿಗೆ, ಇನ್ನೂ ಬಾರದ ರೋಗಗಳಿಗೆಲ್ಲ ಹೆದರಿದವಳು ಇದಕ್ಕೊಂದಕ್ಕೆ ಹೆದರಿರಲಿಲ್ಲ.

ಅದೇ ದಾರಿಯದ್ದು ಇನ್ನೊಂದು ಸಿಕ್ಕಿತು, ಹೊಸತು. ಮೊದಲು ಒಬ್ಬಳೇ ನೋಡಿದಳು. ರಸ್ತೆ ಅಗಲವಾಗಿತ್ತು. ತಿರುವಿನಲ್ಲಿ ಮರವಿರಲಿಲ್ಲ, ಕೆಂಪು ಮಣ್ಣು, ಕಡಿದ ಬುಡದ ಒಂದು ಬಿಳಿ ಬಿಲ್ಲೆ. ತಿರುವಿಗೆ ಮುಂಚೆಯೇ ನಿಲ್ಲಿಸಿದರಾಯಿತು ಎಂದುಕೊಂಡು ಅದನ್ನು ಸಾಲಿಗೆ ಸೇರಿಸಿದಳು. ಏಳೆಂಟು ದಿನ ಬೆರಳು ಫೋನಿನ ಮೇಲೆಯೇ ಇತ್ತು. ಮಾವ ಅರ್ಧಂಬರ್ಧ ಉಂಡರು.

ಆಮೇಲೊಂದು ದಿನ ಹುಂಚ ದಾಟುವ ಹೊತ್ತಿಗೆ ಬಚ್ಚಲಲ್ಲಿ ಧಾನ್ಯಾ ಜಾರಿ ಬಿದ್ದು ಚೀರಿದಳು. ಬಿಂದು ಬಟ್ಟಲು ಇಟ್ಟು ಓಡಿದಳು. ಮೊಣಕಾಲು ತರಚಿತ್ತು, ಅಷ್ಟೇ. ಆದರೂ ತಲೆ ಮುಟ್ಟಿ, ಹಲ್ಲು ನೋಡಿ, ಮತ್ತೆ ತಲೆ ಮುಟ್ಟಿ ನೋಡುವಷ್ಟರಲ್ಲಿ ನೆನಪಾಯಿತು.

ಒಳಗೆ ಬಂದರೆ ವಿಡಿಯೋದಲ್ಲಿ ತಿರುವು ಹಿಂದಾಗಿತ್ತು. ಹೊದಿಕೆಯ ಕೆಳಗೆ ಎಡಗಾಲು ಅಲ್ಲಾಡದೆ ಮಲಗಿತ್ತು. ಗೋಪಾಲಪ್ಪ ಅಳುತ್ತಿರಲಿಲ್ಲ.

ಬಿಂದು ಫೋನು ಕವುಚಿ, ಬಲಗಡೆಗೆ ಹೋಗಿ ಚಮಚ ಎತ್ತಿದಳು. “ಮಾವ, ಒಂದ್ ತುತ್ತು.”

ಅವರು ಎಡಗೈಯನ್ನು ಎದೆಯ ಮೇಲಿಂದ ನಿಧಾನವಾಗಿ ದಾಟಿಸಿ ತಂದು ಚಮಚವನ್ನು ಅವಳ ಕಡೆಗೇ ತಳ್ಳಿದರು. ಹುಬ್ಬು ಮೇಲೆದ್ದಿತ್ತು. ನಿಂದಾಯ್ತಾ?

ಬೆಳಿಗ್ಗೆಯಿಂದ ಅವಳೇನೂ ತಿಂದಿರಲಿಲ್ಲ. “ನಂದಾಯ್ತು ಮಾವ,” ಎಂದಳು. ಮುಂದಿನ ಎರಡು ಮಾತು ನಾಲಗೆಗೆ ಬಂದವು. ಹೆದರಿ ನುಂಗಿದಳು.

ಅವರು ಮತ್ತೆ ಬಾಯಿ ತೆರೆಯಲಿಲ್ಲ. ನಳಿಗೆ ಬಂತು, ಆಸ್ಪತ್ರೆಯ ಮಂಚ ಬಂತು. ರವೀಶ್ ಅಪ್ಪನ ಪಾದ ತಿಕ್ಕುತ್ತಾ ಕೂತಿರುತ್ತಿದ್ದ. ಬಿಂದು ಫೋನು ಹೊರಗೆ ತೆಗೆಯಲಿಲ್ಲ. ತೋರಿಸಲು ದಾರಿಯೇ ಇರಲಿಲ್ಲ. ಉಸಿರು ಎಳೆಯುವುದು ಕಷ್ಟವಾದ ದಿನ, ಊಟದ ಹೊತ್ತಿನಲ್ಲಿ, ಅವಳು ಎದ್ದು ಮಂಚದ ಬಲಗಡೆಗೆ ಬಂದಳು.

“ಯಾಕೆ, ಅಲ್ಲೇ ಕೂತ್ಕೋ,” ಎಂದ ರವೀಶ್.

ಅವಳು ಬಗ್ಗಿ ಮಾವನ ಕಿವಿಯ ಹತ್ತಿರ ಹೇಳಿದಳು: “ನಂದಾಯ್ತು. ನೀವ್ ಹೊರಡಿ.”