ಬಾನೆಟ್ಟಿಗೆ ಹೊದಿಸಿದ ಕಂಬಳಿ

ಸ್ವೆಟರ್ ತೆಗೆಯಲೆಂದು ಕಬ್ಬಿಣದ ಪೆಟ್ಟಿಗೆಗೆ ಕೈ ಹಾಕಿದರೆ ಸಿಕ್ಕಿದ್ದು ಆ ಕರಿ ಕಂಬಳಿ. ಬಿಡಿಸಿದ ಕೂಡಲೇ ಬಂದ ವಾಸನೆಯಲ್ಲಿ ಕುರಿಯ ಉಣ್ಣೆಯ ಪಾಲು ಸ್ವಲ್ಪವೇ. ಉಳಿದದ್ದು ಡೀಸೆಲ್, ಕಾದ ಆಯಿಲ್, ಒಣಗಿದ ಸುಗಂಧರಾಜ. ಒಗೆಸಿ ನೋಡಿದ್ದೆ, ಬಿಸಿಲಿಗೆ ಹಾಕಿ ನೋಡಿದ್ದೆ, ನುಸಿಗುಳಿಗೆ ಇಟ್ಟೂ ನೋಡಿದ್ದೆ. ಹೋಗಿರಲಿಲ್ಲ. ಅದರ ಒಡತಿಯೂ ಹಾಗೆಯೇ ಇದ್ದರು. ಎಷ್ಟು ಹೇಳಿದರೂ, ಯಾವ ರೀತಿ ಹೇಳಿದರೂ...

ಸೋಲೂರಿನಿಂದ ಒಳಗೆ, ಕೆರೆಯ ಆಚೆಗಿರುವ ನಮ್ಮ ಊರಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಸಂಬಂಧವೇನೂ ಇರಲಿಲ್ಲ, ಊರಿಗೆಲ್ಲ ದೊಡ್ಡವ್ವ, ಹಾಗಾಗಿ ನನಗೂ ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ತೋಟದ ಒಂದು ಅಂಚಿಗೆ ಸುಗಂಧರಾಜ ಹಾಕಿದರು. ಗಂಡ ಬಿಟ್ಟುಹೋದ ಹಳೆಯ ಡೀಸೆಲ್ ಕಾರನ್ನು ಓಡಿಸುವುದು ಕಲಿತರು. ದಿನಾ ಬೆಳಿಗ್ಗೆ ಹೂವಿನ ಚೀಲಗಳನ್ನು ಸೋಲೂರಿಗೆ ಒಯ್ದು ಬೆಂಗಳೂರಿನ ಬಸ್ಸಿಗೆ ಹಾಕಿ ಬರುತ್ತಿದ್ದರು. ನಾನು ಆಗ ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ನಮ್ಮೂರಿನ ಮೊದಲ ಬಸ್ಸೇ ತಡ, ಅದನ್ನು ಹಿಡಿದು ಹೋದರೆ ಪ್ರಯೋಗಾಲಯದ ಬಾಗಿಲು ಮುಚ್ಚಿರುತ್ತಿತ್ತು. ಆದ್ದರಿಂದ ಆ ಚೀಲಗಳ ಜೊತೆ ನಾನೂ ಒಂದು ಚೀಲವಾಗಿ ಹೋಗುತ್ತಿದ್ದೆ.

ಆ ಕಾರಿನ ಮೇಲೆ ದೊಡ್ಡವ್ವನ ಮೈದುನನಿಗೆ ಕಣ್ಣಿತ್ತು. ಅಣ್ಣನ ಕಾರು ತನಗೇ ಸೇರಬೇಕೆಂಬುದು ಅವರ ಲೆಕ್ಕ. ಜಗುಲಿಯ ಮೇಲೆ ಕೂತು ಹಲ್ಲುಜ್ಜುತ್ತಲೇ ಅನ್ನುತ್ತಿದ್ದರು: "ಅತ್ಗೆ, ಎಲ್ಲಾರ ಒಂದ್ಸಲ ಗುದ್ಬುಡಿ, ಆವತ್ತೇ ಕೀ ಇಸ್ಕಂಡೋಯ್ತೀನಿ."

"ನಿನ್ ಟಿಲ್ಲರು ಮೂರ್ ಸಲ ಚರಂಡಿಗೆ ಬಿತ್ತಲ್ಲೋ," ಎನ್ನುತ್ತಿದ್ದರು ದೊಡ್ಡವ್ವ, "ಅದ್ರ ಕೀ ಯಾರ್ ಇಸ್ಕಂಡ್ರು?"

ಮಾತು ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಅದು ತಮಾಷೆಯಲ್ಲವೆಂದು ಮೂವರಿಗೂ ಗೊತ್ತಿತ್ತು. ಕಾರು ಹೋದರೆ ದೊಡ್ಡವ್ವನ ಹೂವು ಮೈದುನನ ಕೈಗೆ ಹೋಗುತ್ತಿತ್ತು, ಅವರು ಹೇಳಿದ ದರಕ್ಕೆ. ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಇಷ್ಟೆಲ್ಲ ಇದ್ದೂ ದೊಡ್ಡವ್ವ ಹೊತ್ತಿಗೆ ಸರಿಯಾಗಿ ಹೊರಡುತ್ತಿರಲಿಲ್ಲ. ಅದೇ ನನಗೆ ಹುಚ್ಚು ಹಿಡಿಸುತ್ತಿದ್ದುದು. ಮಾರ್ಗಶಿರ ಬಂದರೆ ಕೆರೆಯಿಂದ ಎದ್ದ ಮಂಜು ಬೀದಿಯವರೆಗೂ ಬರುತ್ತಿತ್ತು. ಅವರು ಕಾರು ಸ್ಟಾರ್ಟ್ ಮಾಡಿ, ಸೆರಗು ಹೊದ್ದು, ಸ್ಟಿಯರಿಂಗ್ ಹಿಡಿದು ಕೂರುತ್ತಿದ್ದರು. ಇಂಜಿನ್ ಗಡಗಡ ಎನ್ನುತ್ತಿತ್ತು. ಹೊಗೆ ನಮ್ಮ ಅಡುಗೆಮನೆಗೆ ಹೋಗುತ್ತಿತ್ತು. ಕಾರು ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು.

"ಹೊರಡೋಣವೇ ದೊಡ್ಡವ್ವ?"

"ಒಸಿ ತಡಿಯಮ್ಮಿ. ಇನ್ನೂ ಬೆಚ್ಗಾಗಿಲ್ಲ."

ನಾನು ವಿಜ್ಞಾನದ ವಿದ್ಯಾರ್ಥಿನಿ. ಕಾರಿನ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನೊಳಗೇ ಇತ್ತು. ಅದನ್ನು ಪೂರ್ತಿ ಓದಿದೆ. ನಿಂತಲ್ಲೇ ಉರಿಸಿದರೆ ಇಂಜಿನ್ ಬಿಸಿಯಾಗುವುದು ಬಹಳ ತಡ. ಕೀ ತಿರುಗಿಸಿದಾಗ ಹತ್ತುವ ಹೀಟರ್ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ, ತುಸು ಹೊತ್ತು ಬಿಟ್ಟು, ಜೋರು ಮಾಡದೆ ಹೊರಟುಬಿಡಬೇಕು. ಓಡುತ್ತಲೇ ಅದು ಬೇಗ ಬೆಚ್ಚಗಾಗುತ್ತದೆ. "ನಿಧಾನವಾಗಿ ಹೊರಟರೆ ಕೆರೆ ಏರಿ ಮುಗಿಯುವಷ್ಟರಲ್ಲಿ ಬೆಚ್ಚಗಾಗಿರುತ್ತದೆ," ಎಂದು ಬಿಡಿಸಿ ಹೇಳಿದೆ.

"ಏರಿ ಮುಗುದ್ರೆ ತಾನೆ," ಎಂದರು.

"ಪುಸ್ತಕದಲ್ಲೇ ಹೀಗಿದೆ."

"ಆ ಬುಕ್ ಬರ್ದೋನು ನಮ್ ಕೆರೆ ಚಳೀಲಿ ನಿಂತಿದ್ನಾ? ನೀನೇ ಎದ್ದೇಟ್ಗೆ ಬಿಸ್ನೀರ್ ಕುಡೀದೆ ಒಂದ್ ಮಾತಾಡಾಕಿಲ್ಲ. ಇಂಜಿನ್‌ಗೆ ಒಂದ್ ನ್ಯಾಯ, ನಿಂಗೊಂದ್ ನ್ಯಾಯನಾ?"

ಸರಿ, ಅವರ ದಾರಿಯಲ್ಲೇ ಹೋಗೋಣ, ಇಂಜಿನ್ನನ್ನೇ ಬೇಗ ಬೆಚ್ಚಗೆ ಮಾಡೋಣ ಎಂದುಕೊಂಡೆ. ರಾತ್ರಿ ಕಾರನ್ನು ಕೊಟ್ಟಿಗೆಯ ಗೋಡೆಗೆ ಒತ್ತಿ, ಗಾಳಿ ಬೀಸದ ಕಡೆ ನಿಲ್ಲಿಸಲು ಹೇಳಿದೆ. ರೇಡಿಯೇಟರಿನ ಮುಂದೆ ರಟ್ಟು ಕತ್ತರಿಸಿ ಸಿಕ್ಕಿಸಿದೆ. ಬಾನೆಟ್ಟಿನ ಮೇಲೆ ಕಂಬಳಿ ಹೊದಿಸುವುದೂ ನನ್ನದೇ ಸಲಹೆ. ದೊಡ್ಡವ್ವ ಮರುಮಾತಿಲ್ಲದೆ ಗಂಡ ಹೊದೆಯುತ್ತಿದ್ದ ಕರಿ ಕಂಬಳಿ ತಂದುಕೊಟ್ಟರು.

"ಏನತ್ಗೆ, ಕಾರ್ಗೆ ಜ್ವರ ಬಂದದಾ?" ಎಂದು ಮೈದುನ ಕೇಳಿದರು.

"ಊಂ ಕಣಪ್ಪ. ನಿನ್ ಕಣ್ ಬಿದ್ದಿತ್ತು."

ರಟ್ಟಿನಿಂದ, ಕಂಬಳಿಯಿಂದ ನಿಜಕ್ಕೂ ಪ್ರಯೋಜನವಾಯಿತು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೊದಲಿಗಿಂತ ಬೇಗ ಮೇಲೇರತೊಡಗಿತು; ನಾನು ಗಮನಿಸಿ ನೋಡಿದ್ದೆ. ಆದರೆ ನಾವು ಹೊರಡುವ ಹೊತ್ತು ಮಾತ್ರ ಒಂದಿಷ್ಟೂ ಮುಂಚೆಯಾಗಲಿಲ್ಲ. ಅದೇ ಹೊತ್ತು, ಅದೇ "ಒಸಿ ತಡಿ". ಬಸ್ಸು ಕಣ್ಣೆದುರೇ ಹೋದ ದಿನಗಳೂ ಇದ್ದವು. ಹಾಗೆ ಬಸ್ಸು ತಪ್ಪಿದರೆ ದೊಡ್ಡವ್ವನ ಹೂವು ಮಾರುಕಟ್ಟೆ ಸೇರುವ ಮೊದಲೇ ಅರಳಿಬಿಡುತ್ತಿತ್ತು. ಮೊಗ್ಗಿಗಿರುವ ಬೆಲೆ ಅರಳಿದ್ದಕ್ಕಿಲ್ಲ. ತಮ್ಮ ನಷ್ಟವೂ ಕಾಣದಷ್ಟು ಹಟವೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟನ್ನು ತೋರಿಸುವವಳಲ್ಲ ನಾನು. ಕಿಟಕಿಯ ಗಾಜು ಒರೆಸುತ್ತಾ ಕೂರುತ್ತಿದ್ದೆ.

ಹಾಜರಾತಿ ಕಡಿಮೆಯಾಗಿದೆ, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ವಿಭಾಗದಲ್ಲಿ ಹೇಳಿದ ಮರುದಿನ ನಾನೇ ಕೀ ಇಸಿದುಕೊಂಡೆ. ಅವರು ಹಸುವಿನ ಹಾಲು ಕರೆಯುತ್ತಿರುವಾಗಲೇ ಸ್ಟಾರ್ಟ್ ಮಾಡಿ ಬಿಟ್ಟೆ. ದೊಡ್ಡವ್ವ ಬಂದು ಕೂರುವ ಹೊತ್ತಿಗೆ ಬಾನೆಟ್ಟಿನ ಮೇಲೆ ದೋಸೆ ಹುಯ್ಯಬಹುದಿತ್ತು. ಸುತ್ತ ಮಂಜು. ಬೀದಿಯ ಕೊನೆಯ ಕಂಬವೂ ಕಾಣುತ್ತಿರಲಿಲ್ಲ.

"ಹೊರಡಿ," ಎಂದೆ.

"ಒಸಿ ತಡಿ."

"ಇನ್ನೇನು ತಡೆಯುವುದು? ಮುಳ್ಳು ಮಧ್ಯಕ್ಕೆ ಬಂದಿದೆ. ನೀವೇ ನೋಡಿ." ನನ್ನ ದನಿ ಏರಿತ್ತು.

ಅವರು ಬಗ್ಗಿ ನೋಡಿದರು. ಬೆರಳು ಇಟ್ಟು ತೋರಿಸಿದರು. "ಎಲ್ಲಿ ಬಂದದೆ? ಇನ್ನೂ ಕೆಳಗೇ ಬಿದ್ಕಂಡದಲ್ಲ."

ಅವರ ಬೆರಳು ಡೀಸೆಲ್ಲಿನ ಮುಳ್ಳಿನ ಮೇಲಿತ್ತು.

ನಾನು ಅವರ ಮುಖ ನೋಡಿದೆ. ಆಮೇಲೆ ಕೇಳಿದೆ: "ದೊಡ್ಡವ್ವ, ಕಣ್ಣು ಕಾಣುತ್ತಿಲ್ಲವೇ?"

"ಬೆಳಕಾದ್ರೆ ಎಲ್ಲಾ ಕಾಣ್ತದೆ," ಎಂದರು. "ಕತ್ಲಲ್ಲಿ, ಮಂಜಲ್ಲಿ ಲೈಟ್ ಬುಟ್ರೆ ಎದುರ್ಗೆ ಹತ್ತಿ ಹರವ್ದಂಗಾಯ್ತದೆ. ಏರಿ ಅಂಚೇ ತಿಳಿಯಾಕಿಲ್ಲ. ಅದ್ಕೇ ಬೆಳಕಾಗಾಗಂಟ ಇಂಜಿನ್ ಬೆಚ್ಗಾಗ್ಲಿ ಅಂತೀನಿ. ಅದ್ರಲ್ಲಿ ಸುಳ್ಳೇನದೆ? ಬೆಚ್ಗೂ ಆಯ್ತದಲ್ಲ."

"ನನಗೆ ಹೇಳಬಹುದಿತ್ತಲ್ಲ!"

"ನಿಂಗೇಳಿದ್ರೆ ನಿಮ್ಮವ್ವನ್ಗೆ ಗೊತ್ತಾಯ್ತದೆ. ನಿಮ್ಮವ್ವನ್ಗೆ ಗೊತ್ತಾದ್ರೆ ನನ್ ಮೈದುನನ ಕಿವಿಗೆ ಬೀಳ್ತದೆ. ಸಾಯಂಕಾಲಕ್ಕೆ ಕಾರು ಅವನ ಮನೆ ಮುಂದಿರ್ತದೆ. ನೀನು ನಿಮ್ಮನೇಲಿರ್ತೀಯ."

ನಮ್ಮ ಕೆರೆಯ ಏರಿಗೆ ಎರಡು ಕಡೆಯೂ ತಡೆಗೋಡೆ ಇಲ್ಲ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಆಳದ ಗದ್ದೆ. ರಟ್ಟು, ಕಂಬಳಿ, ಪುಸ್ತಕ ಎಂದು ನಾನು ಒದ್ದಾಡಿದ್ದೆಲ್ಲ ಫಲಿಸಿದ್ದರೆ, ಕಣ್ಣು ಕಾಣದವರ ಪಕ್ಕದಲ್ಲಿ ಕೂತು ಆ ಏರಿಯ ಮೇಲೆ ಕತ್ತಲಲ್ಲೇ ಹೋಗುತ್ತಿದ್ದೆ. ಅದನ್ನು ನೆನೆದು ಭಯವಾಗಬೇಕಿತ್ತು. ಆಗಿದ್ದು ಸಿಟ್ಟು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂದು ಇಡೀ ಚಳಿಗಾಲ ನಾನು ಇಂಜಿನ್ನಿಗೆ ಔಷಧ ಮಾಡಿದ್ದೆ!

ಅಮ್ಮನಿಗೆ ಹೇಳಲಿಲ್ಲ. ಉಳಿದ ದಿನಗಳಲ್ಲಿ ಕಾರಿಗಾಗಿ ಕಾಯದೆ ಏರಿಯವರೆಗೆ ನಡೆದು, ಸಿಕ್ಕ ಹಾಲಿನ ಗಾಡಿ ಹತ್ತಿ ಸೋಲೂರು ಸೇರಿದೆ. ಹಾಜರಾತಿ ಹೇಗೋ ಮುಟ್ಟಿತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ದೊಡ್ಡವ್ವನಿಗೆ ನನ್ನ ಷರತ್ತು ಹೇಳಿದೆ: ನನಗೆ ಕಾರು ಕಲಿಸಬೇಕು, ಮತ್ತು ಕಣ್ಣು ಡಾಕ್ಟರಿಗೆ ತೋರಿಸಬೇಕು. ಮೊದಲನೆಯದಕ್ಕೆ ತಕ್ಷಣ ಒಪ್ಪಿದರು. ಕ್ಲಚ್ ಬಿಡುವಾಗಲೆಲ್ಲ "ಮೊಟ್ಟೆ ಮ್ಯಾಲ್ ಕಾಲಿಟ್ಟಂಗೆ ಕಣಮ್ಮಿ" ಎಂದು ಕಿರುಚಿ ಕಲಿಸಿದರು. ಲೈಸೆನ್ಸ್ ಬಂತು. ಮುಂದಿನ ಚಳಿಗೆ ಕತ್ತಲಲ್ಲಿ ಏರಿ ದಾಟಿಸುತ್ತಿದ್ದವಳು ನಾನು. ಸೋಲೂರಿನಿಂದ ಬೆಳಕಿನಲ್ಲಿ ವಾಪಸ್ಸು ತರುತ್ತಿದ್ದವರು ಅವರು. ಮೈದುನನಿಗೆ, "ಹುಡ್ಗಿ ಕಲ್ತವ್ಳೆ, ಕೈ ರೂಢಿ ತಪ್ಬಾರ್ದು ಅಂತ ಕೊಡ್ತೀನಿ," ಎಂದಿದ್ದರು.

ಎರಡನೆಯದಕ್ಕೆ ಒಪ್ಪಿಸಲು ಇನ್ನೊಂದು ವರ್ಷ ಹಿಡಿಯಿತು. ಕೊನೆಗೆ ಹರಕೆ ತೀರಿಸಲು ಹೋಗುತ್ತೇನೆಂದು ಊರಿಗೆ ಹೇಳಿ, ನನ್ನ ಜೊತೆ ಬಂದು, ಎರಡೂ ಕಣ್ಣಿನ ಪೊರೆ ಒಂದಾದ ಮೇಲೊಂದು ತೆಗೆಸಿಕೊಂಡರು. ಎಲ್ಲ ವಾಸಿಯಾದ ಮೇಲೆ ಒಂದು ಬೆಳಿಗ್ಗೆ ತಾವೇ ಸ್ಟಿಯರಿಂಗ್ ಹಿಡಿದು ಕೂತರು. ಚಳಿ ಇತ್ತು. ನಸುಕಿನಲ್ಲೂ ಬೀದಿಯ ಕೊನೆಯ ಕಂಬ, ಅದರ ಮೇಲಿನ ಹಕ್ಕಿ, ಎಲ್ಲ ಕಾಣುತ್ತದೆಂದು ತಾವಾಗಿಯೇ ಹೇಳಿದರು. ಇಂಜಿನ್ ಗಡಗಡ ಎಂದಿತು. ನಾನು ಕಾದೆ. ಕಾರು ಅಲುಗಲಿಲ್ಲ.

"ದೊಡ್ಡವ್ವ, ಈಗ ಚೆನ್ನಾಗಿ ಕಾಣುತ್ತಲ್ಲ. ಹೊರಡಿ."

"ಒಸಿ ತಡಿ. ಕಣ್ಗೂ ಇಂಜಿನ್ಗೂ ಏನ್ ಸಂಬಂಧವಮ್ಮಿ? ಅದಿನ್ನೂ ಬೆಚ್ಗಾಗಿಲ್ಲ."

ಅಷ್ಟು ದಿನ ಕಣ್ಣಿಗಾಗಿ ಇಂಜಿನ್ನಿನ ನೆಪ ಹೇಳಿದರೋ, ಅಥವಾ ಅವರಿಗೆ ನಿಜಕ್ಕೂ ಇಂಜಿನ್ನಿನ ಮೇಲೆ ಆ ನಂಬಿಕೆ ಇತ್ತೋ, ಇಲ್ಲ, ಹೂವಿನ ವಾಸನೆಯ ನಡುವೆ ಸೆರಗು ಹೊದ್ದು ಸುಮ್ಮನೆ ಕೂರುವುದು ಅವರಿಗೆ ಬೇಕಾಗಿತ್ತೋ... ನಾನು ಕೇಳಲಿಲ್ಲ. ಕೇಳಿದ್ದರೂ ನೇರವಾದ ಉತ್ತರ ಬರುತ್ತಿರಲಿಲ್ಲ.

ಹೋದ ವರ್ಷ ಚಳಿ ಶುರುವಾಗುವ ಮೊದಲೇ ದೊಡ್ಡವ್ವ ಹೋದರು. ಕಾರು ಒಂದು ಸಲವೂ ಎಲ್ಲೂ ಗುದ್ದಲಿಲ್ಲ; ಹಾಗಿದ್ದೂ ಕೊನೆಗೆ ಮೈದುನನ ಮನೆ ಮುಂದೆಯೇ ಹೋಗಿ ನಿಂತಿತು. ಒಂದು ದಿನ ಅವರು ಕಂಬಳಿ ಮಡಿಸಿಕೊಂಡು ನಮ್ಮ ಮನೆಗೆ ಬಂದರು. "ತಕಳವ್ವ. ಇದು ನಿಂಗೇ ಅಂತ ಹೇಳಿದ್ರು." ಮೆಟ್ಟಿಲಿಳಿದು ಮತ್ತೆ ತಿರುಗಿದರು. "ಅತ್ಗೆ ಅದೇನ್ ಮಾಡ್ತಿದ್ರೋ ಕಾಣೆ. ಬೆಳಗ್ಗೆ ಹೊತ್ತು ನನ್ ಕೈಲಿ ಅದು ಸ್ಟಾರ್ಟೇ ಆಗಾಕಿಲ್ಲ."

ಹೀಟರ್ ದೀಪ ಆರುವವರೆಗೆ ಕಾಯಬೇಕೆಂದು ನಾನು ಅವರಿಗೆ ಹೇಳಲಿಲ್ಲ. ಇನ್ನೂ ಹೇಳಿಲ್ಲ.

ಈಗ ನಾನು ಊರಿನಿಂದಲೇ ಓಡಾಡುತ್ತಾ ಮಾಗಡಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನನ್ನದೇ ಒಂದು ಸಣ್ಣ ಕಾರಿದೆ. ಅದಕ್ಕೆ ಕಂಬಳಿ ಬೇಕಿಲ್ಲ. ಇವತ್ತು ಸ್ವೆಟರ್ ಸಿಕ್ಕಿದ ಮೇಲೆ ಕಂಬಳಿಯನ್ನು ಮಡಿಸಿ ಪೆಟ್ಟಿಗೆಯಲ್ಲೇ ಇಟ್ಟೆ. ಕಾರು ಸ್ಟಾರ್ಟ್ ಮಾಡಿ, ತುಸು ಹೊತ್ತು ಬಿಟ್ಟು, ಪುಸ್ತಕದಲ್ಲಿ ಹೇಳಿರುವಂತೆ ನಿಧಾನವಾಗಿ ಹೊರಟೆ. ಏರಿಯ ಮೇಲೆ ಮಂಜಿತ್ತು. ಏರಿ ಮುಗಿಯುವಷ್ಟರಲ್ಲಿ ಮುಳ್ಳು ಸರಿಯಾಗಿ ಮಧ್ಯಕ್ಕೆ ಬಂದು ನಿಂತಿತು.

"ನೋಡಿ ದೊಡ್ಡವ್ವ," ಎಂದೆ, ಸ್ವಲ್ಪ ಜೋರಾಗಿಯೇ. "ಇಲ್ಲ, ಇನ್ನೂ ಕೆಳಗೇ ಬಿದ್ಕಂಡದೆ" ಎಂದು ಯಾರೂ ಹೇಳಲಿಲ್ಲ.