ಉಪ್ಪು ಬಿಟ್ಟ ನಾಯಿ

ಕೊಟ್ಟೂರಿನ ನಮ್ಮ ಓಣಿಯ ಕೆಂದ ನಾಯಿ ಹೆಸರಿಗೆ ಮಾತ್ರ ನಮ್ಮ ಅಜ್ಜಿಯದು. ಬೆಳಿಗ್ಗೆ ನಮ್ಮ ಮನೆಯ ರೊಟ್ಟಿ ತಿಂದು ಹೊರಟರೆ ಎದುರು ಮನೆಯ ಸಾರನ್ನ, ಮೂಲೆಯಂಗಡಿಯ ಮಿರ್ಚಿ, ಸೈಕಲ್ ಶಾಪಿನ ಚಾಚಾ ಎಸೆಯುವ ಎಲುಬು ಎಲ್ಲವನ್ನೂ ಮುಗಿಸುತ್ತಿತ್ತು. ಸಂಜೆ ನಮ್ಮ ಕಟ್ಟೆಗೆ ಬಂದು, ಮೂರು ದಿನದಿಂದ ಉಪವಾಸವಿದ್ದ ಮುಖ ಮಾಡಿ ಕೂರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಿ.ಕಾಂ. ಮುಗಿಸಿ, ನೌಕರಿಗೆ ಅರ್ಜಿ ಹಾಕುತ್ತಾ ಮನೆಯಲ್ಲಿದ್ದೆ. ದಿನಚರಿ ಬರೆಯುವ ಚಟವಿತ್ತು. ಮಳೆ ಬಿದ್ದದ್ದು, ಬಸ್ಸು ತಡವಾದದ್ದು, ಯಾವ ಅರ್ಜಿ ಯಾವಾಗ ವಾಪಸು ಬಂತು ಎನ್ನುವುದು, ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತಿದ್ದೆ. ಹಾಗಾಗಿ ನಾಯಿ ವಿಪರೀತ ನೀರು ಕುಡಿಯುತ್ತಿದೆ, ತಿಂದದ್ದನ್ನು ಕಾರುತ್ತಿದೆ ಎಂಬುದು ಮೊದಲು ಕಣ್ಣಿಗೆ ಬಿದ್ದದ್ದು ನನಗೇ. ಒಂದು ಬೆಳಿಗ್ಗೆ ಪುಸ್ತಕ ಹಿಡಿದು ಅದರ ಹಿಂದೆಯೇ ನಡೆದೆ. ಅದು ಕಾಲೆತ್ತಿದಾಗಲೆಲ್ಲ ಒಂದು ಗೀಟು ಹಾಕಿಕೊಂಡೆ.

"ಏನಪಾ, ಮಂದಿ ಗಣತಿ ಮುಗೀತೇನು? ಈಗ ನಾಯಿ ಉಚ್ಚಿ ಗಣತಿಗೆ ಬಂದೀಯಲ್ಲ!" ಎಂದ ಮಿರ್ಚಿ ಅಂಗಡಿಯವನು. ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ನಾಯಿ ಅವನ ಬೆಂಚಿನ ಕಾಲಿಗೇ ಇನ್ನೊಂದು ಗೀಟು ಹಾಕಿಸಿತು.

ದನದ ಆಸ್ಪತ್ರೆಯ ಡಾಕ್ಟರು ಮೂತ್ರ ಹಿಡಿದು ತರಲು ಹೇಳಿದರು. ಕೋಲಿಗೆ ಡಬ್ಬಿ ಕಟ್ಟಿಕೊಂಡು ಊರೆಲ್ಲ ತಿರುಗಿದೆ. ಡಬ್ಬಿ ಕಂಡರೆ ನಾಯಿ ಎತ್ತಿದ ಕಾಲನ್ನೂ ಇಳಿಸಿಬಿಡುತ್ತಿತ್ತು. ಕೊನೆಗೆ ಅಜ್ಜಿ ಅದರ ಬೆನ್ನು ಸವರುತ್ತಾ ನಿಂತಳು, ನಾನು ಹಿಂದಿನಿಂದ ಕೋಲು ಚಾಚಿದೆ. ಡಾಕ್ಟರು ಅದನ್ನು ಗಾಜಿನ ನಳಿಕೆಯಲ್ಲಿ ಹಾಕಿ ದೀಪದ ಮೇಲೆ ಕಾಯಿಸಿದರು. ಅದು ಬೆಂದ ಮೊಟ್ಟೆಯ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತು.

"ಕಿಡ್ನಿ ಕೆಟ್ಟಾವು," ಎಂದರು ಡಾಕ್ಟರು. "ಇದು ವಾಸಿ ಆಗೋ ಜಡ್ಡಲ್ಲ. ಆದ್ರ ಉಪ್ಪು, ಖಾರ, ಮಾಂಸ, ಎಲುಬು ಎಲ್ಲಾ ಬಂದ್ ಮಾಡ್ರಿ. ಅನ್ನದ ಗಂಜಿ, ಮ್ಯಾಲೊಂದೀಟು ತುಪ್ಪ ಹಾಕ್ರಿ. ನೀರು ಎಷ್ಟು ಕುಡಿದ್ರೂ ತಡೀಬ್ಯಾಡ್ರಿ. ಹಿಂಗ ನಡೆಸಿದ್ರ ಇನ್ನೊಂದೆರಡು ವರ್ಷ ಇರ್ತೈತಿ. ಮಿರ್ಚಿ ತಿನಿಸಿದ್ರ ದೀಪಾವಳಿ ನೋಡಂಗಿಲ್ಲ."

ಅಜ್ಜಿ ಮನೆಗೆ ಬಂದವಳೇ ಗಂಜಿಗೆ ನೀರಿಟ್ಟಳು.

ಮನೆಮನೆಗೆ ಹೋಗಿ ಹೇಳಿದೆ. "ನಾಯಿಗೂ ಕಿಡ್ನಿ ಇರ್ತಾವೇನು?" ಎಂದು ಕೆಲವರು ನಕ್ಕರು. ಎದುರು ಮನೆಯಾಕೆಗೆ ಮರುಕ ಬಂತು. "ಪಾಪ, ಸಪ್ಪನ್ನ ಹಾಕ್ತಾರಂತ ಅದಕ್ಕ," ಎಂದು ಮೊದಲು ಒಂದು ಹಿಡಿ ಹಾಕುತ್ತಿದ್ದವಳು ಎರಡು ಹಿಡಿ ಹಾಕತೊಡಗಿದಳು. ಹಗ್ಗ ಹಾಕಿ ಕಟ್ಟಿದರೆ ನಮ್ಮ ಕಟ್ಟೆಗೇ ತಂದು ಹಾಕಿ ಹೋದರು.

ಆಗ ಅಜ್ಜಿ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಹೇಳಿದಳು: "ಇನ್ನ ಯಾರೂ ಏನೂ ಹಾಕಬ್ಯಾಡ್ರಿ. ನಮ್ಮ ನಾಯಿ ಉಪ್ಪು ಬಿಟ್ಟೈತಿ."

ನಮ್ಮ ಕಡೆ ಏನಾದರೂ ಆಗಬೇಕಾದಾಗ ದೇವರಿಗೆ ಹರಕೆ ಹೊತ್ತು ಉಪ್ಪು ಬಿಡುತ್ತಾರೆ. ಅದು ಕೈಗೂಡುವ ತನಕ ಸಪ್ಪೆ ಊಟ. ಅಂಥವರ ಎಲೆಗೆ ಉಪ್ಪಿನದು ಬಡಿಸಿದರೆ ಪಾಪ ಬಡಿಸಿದವರಿಗೆ.

"ನಾಯಿಗೆ ಎಂಥಾ ಹರಕಿ ದೊಡ್ಡವ್ವ?" ಎಂದಳು ಎದುರು ಮನೆಯಾಕೆ.

ಅಜ್ಜಿ ಸುತ್ತ ನೋಡಿದಳು. ಪುಸ್ತಕ ಹಿಡಿದು ನಿಂತಿದ್ದ ನಾನು ಕಣ್ಣಿಗೆ ಬಿದ್ದೆ. "ಇವಗ ನೌಕರಿ ಆಗಲಿ ಅಂತ. ಇವನಂತೂ ಏನೂ ಬಿಡ್ಲಿಲ್ಲ. ಅದಾದ್ರೂ ಬಿಡ್ಲಿ."

ಆವತ್ತಿನಿಂದ ಒಂದು ಅಗುಳನ್ನೂ ಯಾರೂ ಹಾಕಲಿಲ್ಲ. ಮಿರ್ಚಿಯವನು ನಾಯಿ ಬಂದರೆ ಬಾಣಲೆಗೆ ಅಡ್ಡ ನಿಲ್ಲುತ್ತಿದ್ದ. ಚಾಚಾ ಒಂದು ಹೆಜ್ಜೆ ಮುಂದೆ ಹೋದರು. "ಅದು ರಂಜಾನ್ ರೋಜಾ ಹಿಡ್ದಂಗ ಐತಿ. ಅದರ ಮುಂದ ಚಪ್ಪರಿಸಿಕೊಂಡು ತಿನ್ನಬಾರ್ದು" ಎಂದು, ಬುತ್ತಿಯನ್ನು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದರು. ವಾಂತಿ ನಿಂತಿತು. ನಾಯಿ ದೀಪಾವಳಿ ನೋಡಿತು, ಪಟಾಕಿಗೆ ಹೆದರಿ ಮಂಚದಡಿ ಸೇರಿತು. ದಿನಚರಿಯಲ್ಲಿ ಆ ದಿನಕ್ಕೆ ಕೆಂಪು ಶಾಯಿ ಬಳಸಿದೆ.

ಆದರೆ ಬೇಸಿಗೆಯಲ್ಲಿ ನನಗೆ ನೌಕರಿ ಬಂತು. ಹಡಗಲಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಅಂಚೆಯವನು ಓಣಿಯ ಬಾಯಲ್ಲೇ ಕೂಗಿಕೊಂಡು ಬಂದ. ಅವನು ನಮ್ಮ ಬಾಗಿಲು ಮುಟ್ಟುವ ಮೊದಲೇ ಎದುರು ಮನೆಯಲ್ಲಿ ಹೋಳಿಗೆಗೆ ಬೇಳೆ ಬೇಯಲು ಹಾಕಿದ್ದರು. ಮಿರ್ಚಿಯವನು ತಟ್ಟೆ ತುಂಬಿಸಿಕೊಂಡು ಬಂದ. ಚಾಚಾ ಕಾಗದದ ಪೊಟ್ಟಣವೊಂದನ್ನು ಹಿಡಿದಿದ್ದರು. ಅದರ ವಾಸನೆಗೆ ನಾಯಿ ನಿಂತಲ್ಲೇ ಕುಣಿಯುತ್ತಿತ್ತು.

"ಎಲ್ಲಿ, ಕರೀರಿ ಅದನ್ನ. ಹರಕಿ ತೀರಿಸಿದ ಮಹಾತ್ಮ!" ಎಂದ ಮಿರ್ಚಿಯವನು.

ನನಗೆ ಕೈಯಲ್ಲಿದ್ದ ಆರ್ಡರು ಓದಲು ಮನಸ್ಸೇ ಬರಲಿಲ್ಲ. ಅಜ್ಜಿ ಮಾತ್ರ, "ಪೂರ್ತಿ ಓದಲೇ," ಎಂದಳು. ಓದಿದೆ. ಎರಡು ವರ್ಷ ಪ್ರೊಬೇಷನ್ ಎಂದಿತ್ತು.

"ಹಂಗಂದ್ರ?"

"ಎರಡು ವರ್ಷ ನೋಡಿ ಆಮ್ಯಾಲ ಕಾಯಂ ಮಾಡ್ತಾರ. ಸರಿ ಇರಲಿಲ್ಲಂದ್ರ ತಗದಹಾಕ್ತಾರ."

"ಕೇಳಿದ್ರಿಲ್ಲ?" ಎಂದು ಅಜ್ಜಿ ಓಣಿಯ ಕಡೆ ತಿರುಗಿದಳು. "ಕಾಯಂ ಆಗಲಿ. ಅಲ್ಲೀತನಕ ಗಂಜೀನ." ಚಾಚಾ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದರು. ಹೋಳಿಗೆ ನಾವು ತಿಂದೆವು.

ಶನಿವಾರ ಸಂಜೆ ಹಡಗಲಿಯಿಂದ ಬಸ್ಸಿಳಿದರೆ ನನ್ನ ಯೋಗಕ್ಷೇಮ ಯಾರೂ ಕೇಳುತ್ತಿರಲಿಲ್ಲ. "ಕಾಯಂ ಆತೇನಪಾ? ಆ ಮೂಕಪ್ರಾಣಿ ಇನ್ನೆಷ್ಟು ದಿನ ಗಂಜಿ ಕುಡೀಬೇಕು?" ಎನ್ನುತ್ತಿದ್ದರು. ನನ್ನ ಕೆಲಸ ನೆಟ್ಟಗಿಲ್ಲದ್ದಕ್ಕೇ ನಾಯಿಗೆ ಈ ಶಿಕ್ಷೆ ಎಂದು ಓಣಿ ತೀರ್ಮಾನಿಸಿಬಿಟ್ಟಿತ್ತು.

ಎರಡು ವರ್ಷ ಕಳೆದು ಕಾಯಂ ಆದೆ. ನಾಯಿ ಸೊರಗಿತ್ತು, ಆದರೆ ಬಾಲ ಆಡಿಸುತ್ತಿತ್ತು. ಅಜ್ಜಿಗೆ ಒಬ್ಬಳಿಗೇ ಹೇಳಿದೆ. "ಬಾಯಿ ಮುಚ್ಚಿಕೊಂಡಿರು," ಎಂದಳು.

ಮುಂದಿನ ತಿಂಗಳು ಹರಪನಹಳ್ಳಿಯಿಂದ ಹೆಣ್ಣಿನ ತಂದೆಯೊಬ್ಬರು ಬಂದರು. ನನ್ನನ್ನು ಕಂಡು, ಅಜ್ಜಿ ಕೊಟ್ಟ ಚಹಾ ಕುಡಿದು, ಹೊರಡುವಾಗ ಸೈಕಲ್ ಶಾಪಿನ ಹತ್ತಿರ ನಿಂತು ಚಾಚಾನನ್ನು ವಿಚಾರಿಸಿದರು: "ಹುಡುಗನ ಕೆಲ್ಸ ಕಾಯಂ ಆಗೈತ್ರಾ?"

"ಇನ್ನಾ ಇಲ್ರಿ," ಎಂದರು ಚಾಚಾ, ನಮ್ಮ ಕಟ್ಟೆಯ ಕಡೆ ಕೈ ತೋರಿಸಿ. "ನೋಡ್ರಿ, ನಾಯಿ ಇನ್ನಾ ಗಂಜಿ ಕುಡೀತೈತಿ."

ಆ ಹಿರಿಯರು ತಮ್ಮನ್ನು ಕಳಿಸಿಕೊಡಲು ಬಂದಿದ್ದ ನನ್ನ ಕಡೆ ತಿರುಗಿದರು. "ಹೌದೇನಪ್ಪಾ?"

ಮಿರ್ಚಿಯವನು ಬಾಣಲೆಯಿಂದ ಜಾಲರಿ ಸೌಟು ಎತ್ತಿ ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದ. ಎದುರು ಮನೆಯಾಕೆ ಬಾಗಿಲಿಗೆ ಬಂದಿದ್ದಳು.

"ಹೌದ್ರಿ," ಎಂದೆ. "ಇನ್ನಾ ಆಗಿಲ್ಲ."

ಅವರು ಮುಂದಿನ ಬಸ್ಸು ಹಿಡಿದರು. ಅಜ್ಜಿ ನಾಯಿಯ ಬೋಗುಣಿಗೆ ಇನ್ನೊಂದು ಚೆಂಬು ನೀರು ಸುರಿದು, "ಹೆಣ್ಣು ಬ್ಯಾರೆ ಸಿಗ್ತಾವ ಬಿಡು," ಎಂದಳು.