ರ್ಯಾಂಕ್ ಮಂಚದ ಸುಳ್ಳು

ಚಾಮರಾಜಪೇಟೆಯ ಆ ಹುಡುಗಿಯರ ಹಾಸ್ಟೆಲಿನಲ್ಲಿ ಮುನಿಯಕ್ಕ ಕಸ ಗುಡಿಸಲು ಸೇರಿ ಇಪ್ಪತ್ತು ವರ್ಷ. ಬಾಯಿ ಜೋರು, ಮನಸ್ಸು ಬೆಣ್ಣೆ. ಜೀವಮಾನದಲ್ಲಿ ಅವಳು ಹೇಳಿದ ಸಣ್ಣಪುಟ್ಟ ಸುಳ್ಳುಗಳು ಎಷ್ಟೋ. ಬೇರು ಬಿಟ್ಟದ್ದು ಮಾತ್ರ ಒಂದೇ. ಬಹಳ ಹಿಂದೆ, ಮೂಲೆಯ ಹಳೇ ಮರದ ಮಂಚ ತನ್ನ ಪಾಲಿಗೆ ಬಂತೆಂದು ಹೊಸ ಹುಡುಗಿಯೊಬ್ಬಳು ಅತ್ತಾಗ, "ಅಳ್ಬೇಡ ಕಣವ್ವ, ಇದ್ರ ಮೇಲೆ ಮಲಗ್ತಿದ್ದೋಳಿಗೆ ರ್ಯಾಂಕ್ ಬಂದಿತ್ತು" ಎಂದು ಬಾಯಿಗೆ ಬಂದದ್ದು ಹೇಳಿ ಸಮಾಧಾನ ಮಾಡಿದ್ದಳು. ಗ್ರಹಚಾರಕ್ಕೆ ಆ ಹುಡುಗಿಗೂ ರ್ಯಾಂಕ್ ಬಂತು. ಅಂದಿನಿಂದ ಅದು ರ್ಯಾಂಕ್ ಮಂಚ. ವರ್ಷವರ್ಷವೂ ಚೀಟಿ ಎತ್ತಿ ಒಬ್ಬಳಿಗೆ ಕೊಡುತ್ತಾರೆ, ಹಾಗೆ ಪಡೆದ ಎಷ್ಟೋ ಜನಕ್ಕೆ ರ್ಯಾಂಕ್ ಬಂದದ್ದೂ ಉಂಟು. ನೀರು ಸೋಕಿದರೆ ಅದೃಷ್ಟ ತೊಳೆದುಹೋಗುತ್ತದೆಂದು ಅದನ್ನು ಯಾರೂ ಒರೆಸುವುದೂ ಇಲ್ಲ.

ಆಗೊಮ್ಮೆ ಈಗೊಮ್ಮೆ ಕಾಣಿಸುತ್ತಿದ್ದ ತಿಗಣೆ ಈ ಬೇಸಿಗೆಯಲ್ಲಿ ಎಲ್ಲ ರೂಮಿಗೂ ಹಬ್ಬಿತು. ಮುನಿಯಕ್ಕ ಕಬ್ಬಿಣದ ಮಂಚಗಳಿಗೆಲ್ಲ ಕುದಿಯುವ ನೀರು ಹೊಯ್ದಳು, ಹಾಸಿಗೆಗಳನ್ನು ತಾರಸಿಯಲ್ಲಿ ಒಣಗಿಸಿದಳು. ವಾರ ಕಳೆಯುವುದರೊಳಗೆ ತಿಗಣೆ ಮತ್ತೆ ಹಾಜರು. ಕೊನೆಗೆ ಎಲ್ಲರೂ ವಾಣಿಯ ಕಡೆ ಬೆರಳು ತೋರಿಸಿದರು. ಹೊಸದಾಗಿ ಸೇರಿದವಳು ಅವಳೇ. ಊರಿಂದ ಅವಳು ತಂದ ಹಾಸಿಗೆಯಲ್ಲೇ ತಿಗಣೆ ಬಂದದ್ದಂತೆ. ವಾರ್ಡನ್ ಮೈತ್ರೇಯಿ ಮೇಡಂ ಶನಿವಾರದೊಳಗೆ ರೂಮು ಖಾಲಿ ಮಾಡಲು ಹೇಳಿಬಿಟ್ಟರು. ಪರೀಕ್ಷೆಗೆ ಹತ್ತೇ ದಿನ, ಬೆಂಗಳೂರಿನಲ್ಲಿ ಅವಳಿಗೆ ಬೇರೆ ಯಾರೂ ಇಲ್ಲ. ಪುಸ್ತಕ ಕಟ್ಟುತ್ತಿದ್ದ ಆ ಹುಡುಗಿಯನ್ನು ನೋಡಲಾರದೆ ಮುನಿಯಕ್ಕ ಪೊರಕೆ ಹಿಡಿದು ಹೊರಗೆ ಬಂದಳು.

ಅದೇ ಹೊತ್ತಿಗೆ ಈ ವರ್ಷದ ರ್ಯಾಂಕ್ ಮಂಚದ ಒಡತಿ ಯಮುನಾ ಎದುರಾದಳು. ಏಪ್ರಿಲ್ ಬಿಸಿಲಿನಲ್ಲಿ ಸ್ವೆಟರು. ಅನುಮಾನ ಬಂದು ತೋಳು ಸರಿಸಿದರೆ ಸಾಲುಸಾಲು ಕೆಂಪು ದದ್ದು.

"ಎಷ್ಟು ದಿನದಿಂದ?"

"ಮಂಚ ಸಿಕ್ಕಿದ ದಿನದಿಂದ. ಹೇಳಿದ್ರೆ ಕಿತ್ಕೊಂಡ್ಬಿಡ್ತಾರೆ ಅಂತ ಸುಮ್ನಿದ್ದೆ ಅಕ್ಕ. ಸೀನಿಯರ್‌ಗಳೂ ಹಂಗೇ ಇದ್ರಂತೆ."

ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಹಾಗೆಂದು ಆ ಮಂಚಕ್ಕೆ ಬಿಸಿನೀರು ಹಾಕಲು ಈ ಹುಡುಗಿಯರು ಸುಮ್ಮನೆ ಬಿಡುವವರಲ್ಲ, ನಿಜ ಹೇಳಲೇಬೇಕು. ಇಪ್ಪತ್ತು ವರ್ಷದ ಮರ್ಯಾದೆ ಒಂದು ಕಡೆ, ವಾಣಿ ಇನ್ನೊಂದು ಕಡೆ. ಕೊನೆಗೆ ಮುನಿಯಕ್ಕ ಮೇಡಮ್ಮನ ಎದುರಿಗೇ ಎಲ್ಲರನ್ನೂ ಸೇರಿಸಿ, "ರ್ಯಾಂಕ್ ಕಥೆ ನಾನೇ ಕಟ್ಟಿದ್ದು. ತಿಗಣೆ ಇರೋದು ಆ ಮಂಚದಲ್ಲೇ. ಬೈಯೋದಿದ್ರೆ ನನ್ನ ಬೈರಿ, ಆ ಮಗೀನ ಬಿಟ್ಬಿಡಿ" ಎಂದಳು.

ಯಾರೂ ಬೈಯಲಿಲ್ಲ. ಮಂಚವನ್ನು ಅಂಗಳಕ್ಕೆ ಎಳೆದು ಸಂದಿಗಳಿಗೆ ಬಿಸಿನೀರು ಸುರಿದಾಗ ತಿಗಣೆಗಳು ಸಂಸಾರ ಸಮೇತ ಹೊರಗೆ ಬಂದವು. ಮೈತ್ರೇಯಿ ಮೇಡಂ ವಾಣಿಯ ಬ್ಯಾಗನ್ನು ತಾವೇ ಒಳಗೆ ತಂದಿಟ್ಟು, "ತಪ್ಪಾಯ್ತಮ್ಮ" ಎಂದರು.

ಯಮುನಾಳ ಮುಖ ಮಾತ್ರ ಸಣ್ಣದಾಗಿತ್ತು. "ಮತ್ತೆ ಅಷ್ಟು ಜನಕ್ಕೆ ನಿಜವಾಗ್ಲೂ ರ್ಯಾಂಕ್ ಬಂತಲ್ಲಕ್ಕ, ಅದು ಹೆಂಗೆ?"

"ರಾತ್ರಿಯೆಲ್ಲಾ ಇವು ಕಚ್ತಿದ್ರೆ ನಿದ್ದೆ ಎಲ್ಲಿ ಬರುತ್ತವ್ವ?" ಎಂದಳು ಮುನಿಯಕ್ಕ. "ಎದ್ದು ಕೂತು ಓದಿರ್ತಾರೆ."